ಒಂದು ಕುರ್ಚಿಗೆ ಏಳು ಅರ್ಜಿ

ಮಾರ್ಚ್ 3, ಸೋಮವಾರ

ಇವರು ಹೋಗಿ ಇಂದಿಗೆ ಒಂಬತ್ತು ದಿನ. ಈ ದಿನಚರಿ ಪುಸ್ತಕ ಇವರದೇ. ಔಷಧಿ ಅಂಗಡಿಯವರು ಪ್ರತಿ ವರ್ಷ ಕೊಡುತ್ತಿದ್ದರು, ಇವರು ಬೇಡ ಎನ್ನಲಾರದೆ ತರುತ್ತಿದ್ದರು. ಹಾಗೆ ಬಂದ ಆರು ಪುಸ್ತಕಗಳು ಕಪಾಟಿನಲ್ಲಿವೆ. ಒಂದರಲ್ಲೂ ಒಂದಕ್ಷರವಿಲ್ಲ. ಕಾಗದ ಹಾಳಾಗಬಾರದೆಂದು ಬರೆಯುತ್ತಿದ್ದೇನೆ, ಬೇರೆ ಕಾರಣವೇನೂ ಇಲ್ಲ.

ಬೆಳಿಗ್ಗೆ ಕ್ಷೌರದಂಗಡಿಯವನು ಬಂದ. ಬಾಗಿಲಲ್ಲೇ ನಿಂತು, "ಅಮ್ಮಾ, ಅಂಥ ತಲೆ ಇನ್ನು ಸಿಗಲ್ಲ" ಎಂದು ಕಣ್ಣೊರೆಸಿಕೊಂಡ. ಇವರ ತಲೆ ತಟ್ಟೆಯಂತೆ ನುಣ್ಣಗಿತ್ತು. ಆದರೂ ತಿಂಗಳಿಗೆ ಎರಡು ಸಲ ಕ್ಷೌರಕ್ಕೆ ಹೋಗುತ್ತಿದ್ದರು. ಕೇಳಿದರೆ, "ಬನ್ನಿ ಅಂತ ಕರೀತಾನೆ ಕಣೇ" ಎನ್ನುತ್ತಿದ್ದರು.

ಕೂರಿಸಿ ಟೀ ಕೊಟ್ಟೆ. ಅರ್ಧ ಕಪ್ ಆದ ಮೇಲೆ ಅವನ ಕಣ್ಣು ಕಿಟಕಿ ಪಕ್ಕದ ಕುರ್ಚಿಯ ಮೇಲೆ ಹೋಯಿತು.

"ಅಮ್ಮಾ, ಅದನ್ನ ಯಾವಾಗ ತಗೊಂಡು ಹೋಗ್ಲಿ?"

"ಏನನ್ನ?"

"ಕುರ್ಚೀನ. ‘ನನ್ನ ಕಾಲ ಆದ್ಮೇಲೆ ಅದು ನಿಂಗೇ’ ಅಂತ ಸಾಹೇಬ್ರು ಮಾತು ಕೊಟ್ಟಿದ್ರು."

ಅದು ಶೂ ಅಂಗಡಿಯ ಕುರ್ಚಿ. ಗಿರಾಕಿಗಳು ಕೂತು ಶೂ ಹಾಕಿ ನೋಡುತ್ತಿದ್ದದ್ದು. ಇವರು ಅದರ ಮುಂದೆ ಮೂವತ್ತೆಂಟು ವರ್ಷ ಮಂಡಿಯೂರಿ ಕೆಲಸ ಮಾಡಿದರು. ನಿವೃತ್ತಿಯಾದಾಗ ಅಂಗಡಿಯವರು ಅದನ್ನೇ ಕೊಟ್ಟು ಕಳಿಸಿದರು. ಅಲ್ಲಿಂದಾಚೆ ಎಂಟು ವರ್ಷ ಇವರು ಅದರ ಮೇಲೆ ಕೂತರು. ಕುರ್ಚಿಯ ಎಡಗೈ ಸೀಳಿದೆ, ಚರ್ಮ ಹರಿದಿದೆ.

"ಇಲ್ಲ" ಎಂದೆ. ಹೋದ.

ಮಾರ್ಚ್ 4, ಮಂಗಳವಾರ

ಔಷಧಿ ಅಂಗಡಿಯವರು ಬಂದರು. ಕುರ್ಚಿ ಅವರಿಗಂತೆ. ಅವರು ಇನ್ನೂ ಕೂತಿರುವಾಗಲೇ ಮೇಲ್ಮನೆಯ ಪಿಟೀಲು ಮೇಷ್ಟರು ಇಳಿದು ಬಂದರು. ಕುರ್ಚಿ ಅವರಿಗಂತೆ. ಇಬ್ಬರೂ ಒಬ್ಬರನ್ನೊಬ್ಬರು ಕಳ್ಳರನ್ನು ನೋಡುವಂತೆ ನೋಡಿದರು.

ಇಬ್ಬರಿಗೂ ಇಲ್ಲ ಎಂದೆ.

ಮಾರ್ಚ್ 6, ಗುರುವಾರ

ಬ್ರೆಡ್ಡಿನ ಅಂಗಡಿಯವಳು. ಅಂಚೆಯವಳು. ಶೂ ಅಂಗಡಿಯಲ್ಲಿ ಇವರ ಜೊತೆಗಿದ್ದ ಮುದುಕ. ಒಟ್ಟು ಆರು ಜನ, ಕುರ್ಚಿ ಒಂದು.

ಇದರಲ್ಲಿ ಆಶ್ಚರ್ಯಪಡುವಂಥದ್ದು ಏನೂ ಇಲ್ಲ. ಇವರ ಬಾಯಲ್ಲಿ ‘ಇಲ್ಲ’ ಎನ್ನುವ ಮಾತೇ ಬರುತ್ತಿರಲಿಲ್ಲ. ಗಿರಾಕಿ ಕೇಳಿದ ಅಳತೆಯ ಶೂ ಇಲ್ಲದಿದ್ದರೆ, "ಇದೆ, ತರ್ತೀನಿ" ಎಂದು ಹಿಂಬಾಗಿಲಿನಿಂದ ಓಡಿ ಎದುರು ಅಂಗಡಿಯಿಂದ ಕೊಂಡು ತರುತ್ತಿದ್ದರು. ಅಲ್ಲೂ ಇಲ್ಲದಿದ್ದರೆ ಗಿರಾಕಿ ಬೇಸತ್ತು ಎದ್ದು ಹೋಗುವವರೆಗೆ ದಾಸ್ತಾನು ಕೋಣೆಯಲ್ಲಿ ಅಡಗಿ ಕೂರುತ್ತಿದ್ದರು. ಒಂದು ಸಲ ಗಿರಾಕಿಯೂ ಹಟಮಾರಿ. ಅಂಗಡಿ ಮುಚ್ಚುವ ಹೊತ್ತಿಗೆ ಇವರನ್ನು ಡಬ್ಬಿಗಳ ನಡುವೆ ಹುಡುಕಿ ತೆಗೆಯಬೇಕಾಯಿತು.

ನಾನು ಇಪ್ಪತ್ತೊಂಬತ್ತು ವರ್ಷ ಕಟ್ಟಡ ಪರವಾನಗಿ ವಿಭಾಗದಲ್ಲಿದ್ದವಳು. ದಿನಕ್ಕೆ ನಲವತ್ತು ಅರ್ಜಿಗಳಿಗೆ ‘ತಿರಸ್ಕರಿಸಲಾಗಿದೆ’ ಎಂದು ಮೊಹರು ಒತ್ತುತ್ತಿದ್ದೆ. ರಾತ್ರಿ ಚೆನ್ನಾಗಿ ನಿದ್ದೆ ಬರುತ್ತಿತ್ತು. ಒಬ್ಬರು ಹೂಂ ಎಂದು ಹರಡಿದ್ದನ್ನು ಇನ್ನೊಬ್ಬರು ಇಲ್ಲ ಎಂದು ಗುಡಿಸಿದರೆ ಸಂಸಾರ ನಡೆಯುತ್ತದೆ. ನಮ್ಮದು ನಲವತ್ತನಾಲ್ಕು ವರ್ಷ ನಡೆಯಿತು.

ಮಾರ್ಚ್ 9, ಭಾನುವಾರ

ಆರು ಜನರೂ ಒಟ್ಟಿಗೇ ಬಂದರು. ಯಾರೂ ಯಾರನ್ನೂ ಕರೆದಿರಲಿಲ್ಲವಂತೆ. ಕೋಣೆಯಲ್ಲಿ ಜಾಗವಿಲ್ಲ, ಆದರೂ ಆ ಕುರ್ಚಿಯ ಮೇಲೆ ಯಾರೂ ಕೂರಲಿಲ್ಲ. ಸುತ್ತ ನಿಂತು ಜಗಳವಾಡಿದರು.

"ನಂಗೆ ಹೇಳಿದ್ದು ಹೋದ ವರ್ಷ" ಎಂದಳು ಅಂಚೆಯವಳು.

"ಮೊದಲು ಹೇಳಿದ್ದು ಯಾರಿಗೋ ಅವರಿಗೆ ತಾನೇ ಸೇರ್ಬೇಕು?" ಎಂದರು ಪಿಟೀಲು ಮೇಷ್ಟರು.

"ಕೊನೇಲಿ ಹೇಳಿದ್ದು ಯಾರಿಗೋ ಅವರಿಗೆ" ಎಂದ ಕ್ಷೌರದವನು. "ಕೊನೇ ಮಾತಿಗೇ ತೂಕ ಜಾಸ್ತಿ."

ಅಷ್ಟರಲ್ಲಿ ಮಗ ಬಂದ, ಮೊಮ್ಮಗಳೊಂದಿಗೆ. ಅವನು ವಾಹನ ಚಾಲನಾ ಪರೀಕ್ಷಕ. ಹತ್ತರಲ್ಲಿ ಒಂಬತ್ತು ಜನರನ್ನು ಫೇಲು ಮಾಡುತ್ತಾನೆ, ನನ್ನ ಮಗನೇ ಸೈ. ಅಪ್ಪ ಹೋದಾಗಿನಿಂದ ಒಂದು ಹನಿ ಕಣ್ಣೀರು ಹಾಕಿಲ್ಲ. ಎಲ್ಲರನ್ನೂ ಒಮ್ಮೆ ನೋಡಿ, "ಸಾಲಾಗಿ ನಿಂತ್ಕೊಳ್ಳಿ" ಎಂದ. ನಿಂತರು.

ನಾನು ಹೇಳಿದೆ: "ಬಾಯಿಮಾತು ನಡಿಯಲ್ಲ. ಕುರ್ಚಿ ಬೇಕಾದವರು ಅರ್ಜಿ ಹಾಕಿ. ಮೂರು ಪ್ರತಿ. ಯಾಕೆ ನಿಮಗೇ ಸೇರಬೇಕು ಅಂತ ಕಾರಣ ಬರೀಬೇಕು. ಒಂದು ಪುಟ ಮೀರಬಾರದು. ಕೊನೇ ದಿನ ಹದಿನಾರನೇ ತಾರೀಕು." ಹೀಗೆಂದರೆ ಅರ್ಧ ಜನ ಬಿಟ್ಟು ಹೋಗುತ್ತಾರೆಂದು ಅನುಭವದಿಂದ ಬಲ್ಲೆ.

ಅವರೆಲ್ಲ ಹೋದ ಮೇಲೆ ಮಗ ಕಪ್ಪುಗಳನ್ನು ತೊಳೆಯುತ್ತ ಹೇಳಿದ, "ಅಪ್ಪನಿಗೆ ಯಾರು ಏನು ಕೇಳಿದ್ರೂ ಹೂಂ. ನೀನೂ ಕೇಳ್ದೆ, ಹೂಂ ಅಂದ್ರು, ಮದುವೆ ಆಯ್ತು." ನಗುತ್ತಲೇ ಹೇಳಿದ. ನಾನೂ ನಕ್ಕೆ.

ಮಾರ್ಚ್ 10, ಸೋಮವಾರ

ಕೇಳಿದ್ದು ನಾನೇ. ಅದು ನಿಜ.

ಒಂದೇ ಬಗೆಯ ಕಪ್ಪು ಶೂ ನಾಲ್ಕು ಜೊತೆ ಕೊಂಡಿದ್ದೆ. ಒಂದೊಂದು ಸಲವೂ ಇವರು ಮಂಡಿಯೂರಿ ನನ್ನ ಕಾಲಳತೆ ತೆಗೆದುಕೊಂಡರು, ಹೋದ ವಾರದಿಂದ ಈ ವಾರಕ್ಕೆ ಪಾದ ಬೆಳೆದಿರಬಹುದು ಎನ್ನುವ ಹಾಗೆ. ನಾಲ್ಕನೆಯ ಸಲ, "ನನ್ನ ಮದುವೆ ಆಗ್ತೀರಾ?" ಎಂದು ಕೇಳಿದೆ. ಇವರು ಅಳತೆ ಪಟ್ಟಿಯಿಂದ ತಲೆಯೆತ್ತದೆ, "ಆಗ್ಲಿ" ಎಂದರು.

ಕ್ಷೌರದವನಿಗೂ ‘ಆಗ್ಲಿ’ ಎಂದೇ ಹೇಳಿರಬೇಕು. ಇದೇ ದನಿಯಲ್ಲಿ.

ಮಾರ್ಚ್ 11, ಮಂಗಳವಾರ

ಏನೂ ಬರೆಯುವಂಥದ್ದಿಲ್ಲ.

ಮಾರ್ಚ್ 16, ಭಾನುವಾರ

ಒಬ್ಬರೂ ಬಿಟ್ಟು ಹೋಗಲಿಲ್ಲ. ಆರು ಅರ್ಜಿಗಳು, ಮೂರು ಮೂರು ಪ್ರತಿ. ಕಚೇರಿಯ ಹಳೆಯ ಮೊಹರು, ಶಾಯಿ ಪ್ಯಾಡು ಎರಡನ್ನೂ ಮೇಜಿನ ಮೇಲಿಟ್ಟುಕೊಂಡು ಕೂತೆ.

ಕ್ಷೌರದವನು ಬರೆದಿದ್ದಾನೆ: ‘ಹದಿನಾರು ವರ್ಷ ಸಾಹೇಬರ ತಲೆಯ ಮೇಲೆ ಗಾಳಿಯಲ್ಲೇ ಕತ್ತರಿ ಆಡಿಸಿದ್ದೇನೆ. ಕೂದಲಿಲ್ಲವೆಂದು ಅವರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ನನ್ನ ಹೆಂಡತಿ ಆಸ್ಪತ್ರೆಯಲ್ಲಿದ್ದ ತಿಂಗಳು ಅಂಗಡಿಗೆ ಯಾರೂ ಬರುತ್ತಿರಲಿಲ್ಲ, ನನ್ನ ಕೈ ನಡುಗುತ್ತಿತ್ತು. ಸಾಹೇಬರು ದಿನಾ ಬಂದರು. ದಿನಾ ಕತ್ತರಿ ಆಡಿಸಿದೆ.’

ಬ್ರೆಡ್ಡಿನವಳದು ನಾಲ್ಕೇ ಸಾಲು: ‘ಸೀದ ಬ್ರೆಡ್ಡು ತಮಗೆ ಇಷ್ಟ ಎಂದು ದಿನಾ ಅದನ್ನೇ ಕೊಳ್ಳುತ್ತಿದ್ದರು. ಸೀದದ್ದನ್ನು ಇಷ್ಟಪಡುವವರು ಯಾರೂ ಇಲ್ಲವೆಂದು ನನಗೂ ಗೊತ್ತು.’ ನಮ್ಮ ಮನೆಗೆ ಹನ್ನೊಂದು ವರ್ಷ ಸೀದ ಬ್ರೆಡ್ಡು ಏಕೆ ಬಂತೆಂದು ಇವತ್ತು ತಿಳಿಯಿತು. ಅವಳ ಒಲೆಯದೇ ದೋಷವೆಂದು ಎರಡು ದೂರು ಕೊಟ್ಟವಳು ನಾನು.

ಪಿಟೀಲು ಮೇಷ್ಟರು, ‘ನನಗಿದ್ದ ಏಕೈಕ ಶ್ರೋತೃ’ ಎಂದು ಬರೆದಿದ್ದಾರೆ. ‘ಪ್ರತಿ ಸಂಜೆ ಮೆಟ್ಟಿಲ ಮೇಲೆ ಕೂತು ತಲೆದೂಗುತ್ತಿದ್ದರು.’ ಮೆಟ್ಟಿಲಿಗೆ ಹೋಗುವ ಮೊದಲು ಇವರು ಎರಡೂ ಕಿವಿಗೆ ಹತ್ತಿ ತುರುಕಿಕೊಳ್ಳುತ್ತಿದ್ದರು. ನಾನೇ ಹತ್ತಿ ಕೊಡುತ್ತಿದ್ದೆ. ಅರ್ಜಿಯಲ್ಲಿ ತಪ್ಪು ಮಾಹಿತಿ ಇದ್ದರೆ ಕೆಂಪು ಶಾಯಿಯಲ್ಲಿ ತಿದ್ದುವುದು ನಿಯಮ. ಪೆನ್ನಿನ ಮುಚ್ಚಳ ತೆಗೆದೆ. ಮತ್ತೆ ಹಾಕಿದೆ.

ಔಷಧಿ ಅಂಗಡಿಯವರದು ಮೂರೂವರೆ ಪುಟ. ಒಂದು ಪುಟ ಮೀರಿದ್ದಕ್ಕೆ ತಿರಸ್ಕರಿಸಬೇಕಿತ್ತು. ಪೂರ್ತಿ ಓದಿದೆ. ಯಾವ ಮಾತ್ರೆ ಕೊಟ್ಟರೂ ಮಾರನೆಯ ದಿನ ಬಂದು, "ಚೆನ್ನಾಗಿತ್ತು" ಎನ್ನುತ್ತಿದ್ದರಂತೆ.

ಮೊಹರಿನ ಶಾಯಿ ಒಣಗಿತ್ತು. ನಾಳೆ ತರುತ್ತೇನೆ.

ಮಾರ್ಚ್ 17, ಸೋಮವಾರ

ಶಾಯಿ ತರುವುದು ಮರೆತೆ. ಬ್ರೆಡ್ಡು ತಂದೆ. ಸೀದಿತ್ತು.

ಮಾರ್ಚ್ 19, ಬುಧವಾರ

ಹನ್ನೊಂದು ಗಂಟೆಗೆ ಒಬ್ಬ ಹೆಂಗಸು ಬಂದರು. ನನ್ನ ವಯಸ್ಸಿನವರೇ, ನೀಲಿ ಕೋಟು, ಒಳ್ಳೆಯ ಶೂ. ಏದುಸಿರು ಬಿಡುತ್ತ ನಿಂತಿದ್ದರು.

"ಕುರ್ಚಿ ವಿಷಯಕ್ಕೆ ಬಂದ್ರಾ? ಅರ್ಜಿ ಹಾಕೋಕೆ ಭಾನುವಾರಕ್ಕೇ ಕೊನೆ ಆಯ್ತು" ಎಂದೆ.

"ಕುರ್ಚಿ ಅಲ್ಲ. ನಿಮ್ಮ ಯಜಮಾನ್ರು ನಂಗೆ ಬೇರೆ ಮಾತು ಕೊಟ್ಟಿದ್ರು."

"ಏನು?"

"ಮದುವೆ."

ಒಳಗೆ ಬನ್ನಿ ಎಂದೆ. ಇಂಥ ಅರ್ಜಿಗೆ ನಮೂನೆಯೇ ಇಲ್ಲ.

ಅವರು ಶೂ ಅಂಗಡಿಯ ಹಳೆಯ ಮಾಲೀಕರ ಮಗಳು. ಮದುವೆಯಾಗಿ ದೂರದೂರಲ್ಲಿದ್ದವರು, ಸುದ್ದಿ ತಡವಾಗಿ ಮುಟ್ಟಿತಂತೆ. ನಾನು ಟೀ ಹಾಕಿದೆ. ಅವರು ಸುತ್ತಿಬಳಸದೆ ಹೇಳಿದರು.

"ನಮ್ಮಪ್ಪ ಒಂದಿನ ಅಂಗಡೀಲಿ, ‘ಏನಪ್ಪಾ, ನನ್ನ ಮಗಳನ್ನ ಮಾಡ್ಕೋತೀಯಾ?’ ಅಂತ ಕೇಳಿದ್ರು. ಇವರು ‘ಆಗ್ಲಿ ಸಾರ್’ ಅಂದ್ರು. ಮನೇಲಿ ಎಲ್ಲ ಮಾತಾಯ್ತು. ನಂಗಂತೂ ಸುತರಾಂ ಇಷ್ಟ ಇರ್ಲಿಲ್ಲ. ತಪ್ಪು ತಿಳ್ಕೋಬೇಡಿ, ಬಾಯೇ ಬಿಡದ ಮನುಷ್ಯ. ಆದ್ರೆ ಅಪ್ಪನ ಮುಂದೆ ಹೇಳೋರು ಯಾರು? ಮೂರು ವಾರ ಆಗಿತ್ತು. ಒಂದು ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆ ಬಂದು ನಮ್ಮನೇಲಿ ಕೂತ್ಕೊಂಡ್ರು."

"ಯಾಕೆ?"

"ಅದೇ ನಮಗೂ ಗೊತ್ತಾಗ್ಲಿಲ್ಲ. ತಿಂಡಿ ಕೊಟ್ವಿ, ತಿಂದ್ರು. ಊಟ ಬಡಿಸಿದ್ವಿ, ಉಂಡ್ರು. ಟೀ ಕೊಟ್ವಿ, ಕುಡಿದ್ರು. ಮಾತಿಲ್ಲ ಕತೆಯಿಲ್ಲ. ಮುಖ ಮಾತ್ರ ಸುಣ್ಣದ ಹಾಗೆ. ಸಂಜೆ ಐದಕ್ಕೆ ನಮ್ಮಮ್ಮ, ‘ಇನ್ನೊಂದು ಕಪ್ ಟೀ ಹಾಕ್ಲಾ?’ ಅಂದ್ರು. ‘ಬೇಡ’ ಅಂದ್ರು. ಅಷ್ಟೇ ನೋಡಿ! ಬ್ರೇಕು ಕಿತ್ತೋದ ಗಾಡಿ ಥರ. ಬೇಡ, ಬೇಡಮ್ಮಾ, ಬೇಡ ಸಾರ್, ಕ್ಷಮಿಸಿ, ಬೇಡ, ಬೇಡ... ನಾನು ಬಾಗಿಲ ಹಿಂದೆ ನಿಂತು ಎಣಿಸ್ತಿದ್ದೆ. ಹದಿನಾಲ್ಕು ಸಲ. ಆಮೇಲೆ ಅತ್ತೇಬಿಟ್ರು. ಅಪ್ಪನಿಗೆ ತಲೆಬುಡ ತಿಳೀಲಿಲ್ಲ. ‘ಏನಪ್ಪಾ, ಟೀ ಬೇಡ್ವಾ, ನನ್ನ ಮಗಳು ಬೇಡ್ವಾ?’ ಅಂತ ಕೇಳಿದ್ರು. ‘ಎರಡೂ ಸಾರ್’ ಅಂದ್ರು."

ನಾನು ಕೆಟಲ್ ಹಿಡಿದು ನಿಂತೇ ಇದ್ದೆ.

"‘ಯಾಕೆ?’ ಅಂದ್ರು ಅಪ್ಪ. ‘ಒಬ್ರು ನಾಲ್ಕು ಜೊತೆ ಶೂ ತಗೊಂಡಿದ್ದಾರೆ ಸಾರ್. ನಾಲ್ಕೂ ಒಂದೇ ಥರದ್ದು. ನಾನು ಅವರನ್ನೇ ಮಾಡ್ಕೋಬೇಕು’ ಅಂದ್ರು. ಅಪ್ಪ ಅವರನ್ನ ಕೆಲಸದಿಂದ ತೆಗೀಲಿಲ್ಲ. ‘ನನ್ನ ಮುಖದ ಮೇಲೇ ಹದಿನಾಲ್ಕು ಸಲ ಬೇಡ ಅಂದ ಗಂಡಸು, ನಾಳೆ ಸಾಲ ಕೇಳೋ ಗಿರಾಕೀನ ಸಲೀಸಾಗಿ ಓಡಿಸ್ತಾನೆ’ ಅಂದ್ಕೊಂಡ್ರು. ಆಮೇಲೆ ಮೂವತ್ತಾರು ವರ್ಷ ಒಂದು ಸಲಾನೂ ‘ಬೇಡ’ ಅನ್ಲಿಲ್ವಂತೆ!"

ಅವರು ನನ್ನ ಕಾಲಿನತ್ತ ನೋಡಿದರು. "ಆ ನಾಲ್ಕು ಜೊತೆಯವರು ಯಾರು ಅಂತ ನೋಡ್ಬೇಕು ಅಂತಿತ್ತು. ನಿಮ್ಮಿಬ್ಬರಿಂದ ನಾನು ಬಚಾವಾದೆ. ಒಂದು ಥ್ಯಾಂಕ್ಸ್ ಹೇಳೋದಿತ್ತು, ಅವರಿಗೂ ನಿಮಗೂ."

ಅವರು ಹೊರಟು ನಿಂತಾಗ ಅಭ್ಯಾಸದಂತೆ ನನ್ನ ಬಾಯಿಂದ, "ಇನ್ನೊಂದು ಕಪ್ ಟೀ ಹಾಕ್ಲಾ?" ಎಂದು ಬಂತು. ಇಬ್ಬರೂ ಗೋಡೆ ಹಿಡಿದು ನಕ್ಕೆವು. ಪಿಟೀಲು ಮೇಷ್ಟರು ಏನಾಯಿತೆಂದು ಮೆಟ್ಟಿಲಿಳಿದು ಬಂದರು. ಅವರಿಗೂ ಹಾಕಿದೆ.

ಮಾರ್ಚ್ 20, ಗುರುವಾರ

ಹದಿನಾಲ್ಕು ಸಲ.

ಮಾರ್ಚ್ 21, ಶುಕ್ರವಾರ

ಗಡುವು ಮೀರಿ ಎರಡು ಅರ್ಜಿಗಳು ಬಂದವು. ಒಂದು ಮಗನದು. ಮೂರು ಪ್ರತಿ, ಅಂಚು ಬಿಟ್ಟು, ನೀಟಾಗಿ. ಇರುವುದು ಒಂದೇ ಸಾಲು: ‘ನನಗೂ ಕೊಡುತ್ತೇನೆಂದಿದ್ದರು, ನನ್ನ ಹತ್ತನೆಯ ವಯಸ್ಸಿನಲ್ಲಿ.’ ಆಗ ಕುರ್ಚಿ ಇನ್ನೂ ಅಂಗಡಿಯದು, ಆದರೂ ಇವರು ಮಾತು ಕೊಟ್ಟಿದ್ದಾರೆ. ಕಾರಣ ಬರೆದಿಲ್ಲ. ಕಾರಣವಿಲ್ಲದ ಅರ್ಜಿ ಅಪೂರ್ಣ. ಅವನಿಗೆ ಫೋನು ಮಾಡಿ ಹೇಳಬೇಕೆಂದುಕೊಂಡೆ. ಮಾಡಿ, ಊಟ ಆಯಿತೇ ಎಂದು ಕೇಳಿ ಇಟ್ಟೆ.

ಇನ್ನೊಂದು ಮೊಮ್ಮಗಳದು. ಅವಳಿಗೆ ಎಂಟು ವರ್ಷ. ಪೆನ್ಸಿಲಿನಲ್ಲಿ ಬರೆದಿದ್ದಾಳೆ. ‘ಅಜ್ಜಿ, ನನಗೆ ಕುರ್ಚಿ ಬೇಡ. ತಾತ ನಮ್ಮ ಶಾಲೆಯ ನಾಟಕದಲ್ಲಿ ಕುದುರೆ ಆಗುತ್ತೇನೆ ಎಂದಿದ್ದ. ನಾಟಕ 29ಕ್ಕೆ. ನಾನು ರಾಜ. ರಾಜನಿಗೆ ಕುದುರೆ ಇಲ್ಲ.’

ಶಾಲೆಗೆ ಹೋಗಿ ನಾಟಕದ ಟೀಚರನ್ನು ಕಂಡೆ. ಇದನ್ನು ಸರಿಪಡಿಸಲು, ಅಂದರೆ ಆಗುವುದಿಲ್ಲವೆಂದು ಹೇಳಲು ಹೋದದ್ದು. ಅವರು ಪಾಪ, ಕಂದು ಬಟ್ಟೆಯ ಕುದುರೆಯನ್ನು ತೊಡೆಯ ಮೇಲೆ ಹಾಕಿಕೊಂಡು ಬಾಲ ಹೊಲಿಯುತ್ತಿದ್ದರು. ಬಾಲಕ್ಕೆ ನೆಲ ಒರೆಸುವ ಮಾಪಿನ ದಾರ.

"ಹೋದ ವರ್ಷ ಮಕ್ಕಳನ್ನೇ ಒಳಗೆ ಹಾಕಿದ್ವಿ, ಕುದುರೆ ಎರಡು ತುಂಡಾಗಿ ಬೇರೆ ಬೇರೆ ದಿಕ್ಕಿಗೆ ಓಡ್ತು" ಎಂದರು. "ಅದಕ್ಕೇ ಈ ಸಲ ದೊಡ್ಡೋರು ಬೇಕಿತ್ತು. ನಿಮ್ಮ ಯಜಮಾನ್ರನ್ನ ಕೇಳ್ದೆ, ಆಗ್ಲಿ ಅಂದ್ರು."

"ಮುಂಗಾಲಾ ಹಿಂಗಾಲಾ?"

"ಅದು ಅವರು ಕೇಳ್ಲೇ ಇಲ್ಲ!"

ಇವರು ಒಬ್ಬರೇ ಇಡೀ ಕುದುರೆಗೆ ಒಪ್ಪಿಕೊಂಡಿದ್ದರು.

ಟೀಚರು ಸೂಜಿ ಬಾಯಲ್ಲಿ ಕಚ್ಚಿ ನನ್ನನ್ನೇ ನೋಡುತ್ತಿದ್ದರು. ಬಟ್ಟೆ ನನ್ನ ಅಳತೆಗೆ ಸ್ವಲ್ಪ ಉದ್ದ. ಮಡಿಸಿ ಹೊಲಿಯುತ್ತಾರಂತೆ.

ಮಾರ್ಚ್ 23, ಭಾನುವಾರ

ಕುರ್ಚಿಯ ವಿಷಯ ಇತ್ಯರ್ಥವಾಯಿತು. ಕ್ಷೌರದವನು ಬೆಳಿಗ್ಗೆ ಬಂದ, "ಆಯ್ತು, ನೀನೇ ತಗೊಂಡು ಹೋಗು" ಎಂದೆ. ಹತ್ತು ಗಂಟೆಗೆ ಬ್ರೆಡ್ಡಿನವಳು ಬಂದಳು. ಅವಳಿಗೂ ಹಾಗೇ ಹೇಳಿದೆನಂತೆ. ಮಧ್ಯಾಹ್ನದ ಹೊತ್ತಿಗೆ ಆರೂ ಜನ ಮತ್ತೆ ಕೋಣೆಯಲ್ಲಿ. "ಅಮ್ಮಾ, ನೀವೂ ಶುರು ಮಾಡಿದ್ರಾ?" ಎಂದು ಅಂಚೆಯವಳು ನಕ್ಕಳು. ಏನು ಶುರು ಮಾಡಿದೆನೋ ನನಗೆ ತಿಳಿಯಲಿಲ್ಲ. ಕೊನೆಗೆ ಅವರವರೇ ಮಾತಾಡಿಕೊಂಡು, ತಲಾ ಒಂದೊಂದು ತಿಂಗಳು ಎಂದು ತೀರ್ಮಾನಿಸಿದರು. ಮೊದಲ ತಿಂಗಳು ಮಗನಿಗೆ ಎಂದು ಅವರೇ ಹೇಳಿದರು, ನಾನು ಹೇಳಿದ್ದಲ್ಲ. ಆರು ಜನರೂ ಸೇರಿ ಕುರ್ಚಿಯನ್ನು ಹೊತ್ತು ಅವನ ಮನೆಗೆ ಮೆರವಣಿಗೆ ಹೊರಟರು. ಕಿಟಕಿಯಿಂದ ನೋಡಿದೆ. ಪಿಟೀಲು ಮೇಷ್ಟರು ಬರೀ ಕೈ ಬೀಸುತ್ತ ನಿರ್ದೇಶನ ಕೊಡುತ್ತಿದ್ದರು.

ಸಂಜೆ ಮಗ ಫೋನು ಮಾಡಿದ. "ಬಂತು" ಎಂದ.

"ಇನ್ನೊಂದು ವಿಷಯ" ಎಂದೆ. "ಕುದುರೆಗೆ ಮುಂಗಾಲು ಬೇಕು."

"ಅಮ್ಮಾ, ನನ್ನ ಸ್ಥಾನಮಾನ ಏನು, ನಾನು ಪರೀಕ್ಷಕ..."

"ದಿಕ್ಕು ತೋರಿಸೋದು ನೀನೇ. ನಂಗೆ ಒಳಗಿಂದ ಏನೂ ಕಾಣಲ್ಲ."

ಮಾರ್ಚ್ 26, ಬುಧವಾರ

ಅಭ್ಯಾಸ. ಮಗ ಕುದುರೆಯ ತಲೆ ಹಾಕಿಕೊಂಡೂ ತಿರುವಿನಲ್ಲಿ ಕೈಯೆತ್ತಿ ಸೂಚನೆ ಕೊಡುತ್ತಾನೆ. ಕುದುರೆಗೆ ಕೈ ಇರುವುದಿಲ್ಲವೆಂದು ಮೊಮ್ಮಗಳು ಮೂರು ಸಲ ಹೇಳಿದಳು. ನನಗೆ ಸೊಂಟ ನೋವು.

ಮಾರ್ಚ್ 29, ಶನಿವಾರ

ಕುದುರೆಯ ಒಳಗೆ ಕತ್ತಲು, ಸೆಕೆ, ಹೊಸ ಅಂಟಿನ ವಾಸನೆ. ನಾನು ಬಾಗಿ ಮಗನ ಸೊಂಟ ಹಿಡಿದುಕೊಂಡಿದ್ದೆ. ಇವನನ್ನು ಹೀಗೆ ಹಿಡಿದು ಮೂವತ್ತೈದು ವರ್ಷವಾದರೂ ಆಗಿರಬೇಕು. ದಪ್ಪಗಾಗಿದ್ದಾನೆ.

ನಾಟಕದಲ್ಲಿ ನಮ್ಮ ಕೆಲಸ ಇಷ್ಟೇ: ದಾರಿ ತಪ್ಪಿದ ರಾಜನನ್ನು ವೇದಿಕೆಯ ಮೇಲೆ ಒಂದು ಸುತ್ತು ಹಾಕಿಸಿ ಅರಮನೆಗೆ ಮುಟ್ಟಿಸುವುದು. ರಾಜ ಲಗಾಮು ಹಿಡಿದು ಮುಂದೆ ನಡೆದಳು. ನಾವು ಹಿಂದೆ. ಮೊದಲ ಹೆಜ್ಜೆಗೇ ಸಭೆಯಲ್ಲಿ ಗದ್ದಲ ಶುರುವಾಯಿತು. ಮುಂಗಾಲು ನಿಯಮ ಪ್ರಕಾರ ನಿಧಾನ ಹೋಗುತ್ತಿತ್ತು, ಹಿಂಗಾಲು ಮುಂಗಾಲನ್ನು ಹಿಂದೆ ಹಾಕಲು ನೋಡುತ್ತಿತ್ತಂತೆ. ನನಗೆ ಹೇಗೆ ಗೊತ್ತಾಗಬೇಕು? ಕ್ಷೌರದವನ ಸಿಳ್ಳೆ ಮಾತ್ರ ಕೇಳಿಸಿತು. ಎಲ್ಲರೂ ಬಂದಿದ್ದರು.

ಅರಮನೆ ಬಾಗಿಲಿಗೆ ಬಂದಾಗ ನನ್ನ ಕೈಯಡಿ ಮಗನ ಮೈ ನಡುಗುತ್ತಿರುವುದು ತಿಳಿಯಿತು. ನಗುತ್ತಿದ್ದಾನೆಂದುಕೊಂಡೆ.

"ಅಮ್ಮಾ" ಎಂದ, ಕುದುರೆಯ ಕತ್ತಿನೊಳಗಿಂದ. "ಅಪ್ಪ ಇದ್ದಿದ್ರೆ ಒಬ್ರೇ ಇದರೊಳಗೆ..." ಮುಂದಿನದು ಬರಲಿಲ್ಲ. ನಗುವಲ್ಲ ಅದು.

ನಾನು ಸೊಂಟ ಬಿಗಿಯಾಗಿ ಹಿಡಿದುಕೊಂಡೆ. ಹೊರಗೆ ಮಕ್ಕಳೆಲ್ಲ, "ಇನ್ನೊಂದು ಸುತ್ತು! ಇನ್ನೊಂದು ಸುತ್ತು!" ಎಂದು ಕಾಲು ಬಡಿಯುತ್ತಿದ್ದರು. ಇವನನ್ನು ಈಗಲೇ ಬೆಳಕಿಗೆ ತೆಗೆಯುವಂತಿರಲಿಲ್ಲ.

"ಆಯ್ತು!" ಎಂದು ಕೂಗಿದೆ.

ಕುದುರೆ ಬಾಲದ ಕಡೆಯಿಂದ ಮಾತಾಡಿದ್ದು ಕೇಳಿ ಸಭೆ ಬಿದ್ದು ಬಿದ್ದು ನಕ್ಕಿತು. ಇನ್ನೊಂದು ಸುತ್ತು ಹಾಕಿದೆವು. ಮತ್ತೆ ಕೇಳಿದರು, ಮತ್ತೆ ಹಾಕಿದೆವು. ರಾಜ ಐದು ಸಲ ಅರಮನೆ ಮುಟ್ಟಿ ಐದು ಸಲ ದಾರಿ ತಪ್ಪಿದಳು. ಐದನೆಯ ಸುತ್ತಿಗೆ ಮಗನ ಮೈ ಹಗುರವಾಗಿತ್ತು, ಕಾಲು ಎತ್ತೆತ್ತಿ ಹಾಕುತ್ತಿದ್ದ. ಪರೀಕ್ಷೆಯಲ್ಲಿ ಯಾರಾದರೂ ಹಾಗೆ ಓಡಿಸಿದ್ದರೆ ಅಲ್ಲೇ ಫೇಲು ಮಾಡುತ್ತಿದ್ದ.

ಪರದೆಯ ಹಿಂದೆ ತಲೆ ಕಳಚಿದಾಗ ಅವನ ಮುಖವೆಲ್ಲ ಒದ್ದೆ.

"ಬೆವರು" ಎಂದ.

"ಹೌದು, ಬೆವರು" ಎಂದೆ.

ನಾಟಕದ ಟೀಚರು ಓಡಿ ಬಂದರು. ಮುಂದಿನ ವರ್ಷದ ನಾಟಕದಲ್ಲಿ ಒಂಟೆ ಇದೆಯಂತೆ, ನಡುವೆ ಡುಬ್ಬ ಬೇರೆ, ಮೂರು ಜನ ಬೇಕಂತೆ. ಮಗ ನನ್ನ ಮುಖ ನೋಡಿದ, ನಾನು ಆಗಲ್ಲವೆಂದು ಹೇಳಿ ಇಬ್ಬರನ್ನೂ ಪಾರು ಮಾಡುತ್ತೇನೆಂದು.

ಡುಬ್ಬಕ್ಕೆ ಪಿಟೀಲು ಮೇಷ್ಟರನ್ನು ಕೇಳುತ್ತೇನೆಂದು ಹೇಳಿ ಬಂದಿದ್ದೇನೆ.